ಕದ್ದ ಕಡ್ಡಿ

ನಿಕಾನೋರನ ಜಗಲಿಯಲ್ಲಿ ಹೂವಿರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ಫ್ಯಾನು ರಿಪೇರಿ ಮಾಡುವವನ ಮನೆಯಾದ್ದರಿಂದ ಗಾಳಿಗೆ ಬರವಿರಲಿಲ್ಲ. ರಿಪೇರಿಗೆ ಕೊಟ್ಟು ವಾಪಸು ಒಯ್ಯಲು ಮರೆತವರ ಫ್ಯಾನುಗಳನ್ನೆಲ್ಲ ಅವನು ಜಗಲಿಯ ತೊಲೆಗೆ ಸಾಲಾಗಿ ತೂಗುಹಾಕಿದ್ದ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಬೀದಿಯ ದೀಪಗಳು ಮಂಕಾಗುತ್ತಿದ್ದವು. ಆದರೆ ಕೂತವರ ಬೆವರು ಆರುತ್ತಿತ್ತು. ಬಾರಾಂಕಿಯಾದಂಥ ಸುಡುಸೆಕೆಯ ಕರಾವಳಿ ಊರಿನಲ್ಲಿ ಬೆವರು ಆರಿಸುವವನೇ ದೊಡ್ಡ ಮನುಷ್ಯ. ಆ ಲೆಕ್ಕದಲ್ಲಿ ನಿಕಾನೋರ್ ಬಹಳ ವರ್ಷ ದೊಡ್ಡ ಮನುಷ್ಯನಾಗಿಯೇ ಇದ್ದ. ಸಂಜೆಯಾದರೆ ಬೀದಿಯ ಡೊಮಿನೊ ಮೇಜು ಅವನ ಜಗಲಿಯಲ್ಲೇ ಹರಡಿಕೊಳ್ಳುತ್ತಿತ್ತು. ಆಟಕ್ಕೆ ಔಷಧದಂಗಡಿಯ ದೋನ್ ಉರ್ಬಾನೊ, ಬಸ್ಸಿನ ಡ್ರೈವರ್ ಮಾಂಚೊ, ಎದುರುಮನೆಯ ತೂಲಿಯೊ. ನಾಲ್ಕನೆಯ ಕುರ್ಚಿ ಮನೆಯ ಯಜಮಾನನದು.

ತೂಲಿಯೊ ನದಿಯ ಹಡಗಿನಲ್ಲಿ ಅಡಿಗೆಯವನಾಗಿದ್ದು ಈಗ ಸುಮ್ಮನೆ ಮನೆಯಲ್ಲಿರುವವನು. ನಿಕಾನೋರನ ಮಗಳನ್ನು ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಎತ್ತಿಕೊಂಡು ಧರ್ಮಪಿತನಾದವನು ಅವನೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಅಣ್ಣತಮ್ಮಂದಿರು ಬಡಿದಾಡಬಹುದು, ಗಂಡಹೆಂಡಿರು ತಟ್ಟೆ ಎಸೆದಾಡಬಹುದು, ಕಂಪಾದ್ರೆಗಳು ಮಾತ್ರ ಜಗಳವಾಡುವಂತಿಲ್ಲ ಎಂದು ಆ ಕಡೆಯ ಕಟ್ಟಳೆ. ಈ ಕಟ್ಟಳೆ ಮಾಡಿದವರ ಎದುರುಮನೆಯಲ್ಲಿ ಕಾಗದದ ಹೂವಿನ ಗಿಡ ಇರಲಿಲ್ಲವೆಂದು ಕಾಣುತ್ತದೆ.

ಆ ಗಿಡದ ಕಡ್ಡಿಯನ್ನು ತೂಲಿಯೊ ಕದ್ದು ತಂದಿದ್ದ. ಯಾರೋ ಕರ್ನಲ್ಲನ ಬಂಗಲೆಯ ಗೋಡೆ ಹಾರಿ, ನಾಯಿಯಿಂದ ಕಚ್ಚಿಸಿಕೊಂಡು ತಂದದ್ದು. ಈ ಕಥೆಯನ್ನು ಅವನು ಡೊಮಿನೊ ಆಡುವಾಗಲೆಲ್ಲ ಹೇಳುತ್ತಿದ್ದ. ಒಂದೊಂದು ಸಲ ಹೇಳಿದಾಗಲೂ ಗೋಡೆ ಒಂದು ಗೇಣು ಎತ್ತರವಾಗುತ್ತಿತ್ತು, ನಾಯಿ ಕರುವಿನ ಗಾತ್ರಕ್ಕೆ ಬೆಳೆಯುತ್ತಿತ್ತು. ತಂದ ಕಡ್ಡಿಯನ್ನು ತನ್ನ ಮನೆಯ ಗೋಡೆಯ ಬುಡದ ಇಟ್ಟಿಗೆ ಚೂರುಗಳ ನಡುವೆ ಚುಚ್ಚಿ ಮರೆತುಬಿಟ್ಟಿದ್ದ. ಅದು ಚಿಗುರಿ ಸೂರಿನವರೆಗೆ ಬಂದಾಗ ನಿಕಾನೋರನೇ ದಪ್ಪ ತಂತಿ ತಂದು, ಕಮಾನು ಮಾಡಿ, ಗಿಡವನ್ನು ಅದಕ್ಕೆ ಬಿಗಿದು ಕೊಟ್ಟಿದ್ದ. ಆಗ ಅವನಿಗೆ ಮುಂದಿನದು ಗೊತ್ತಿರಲಿಲ್ಲ.

ಒಂದು ಡಿಸೆಂಬರಿನಲ್ಲಿ, ಮಳೆ ನಿಂತು ಸಮುದ್ರದ ಗಾಳಿ ಬೀಸತೊಡಗಿದ ಮೇಲೆ, ಆ ಗಿಡ ತಲೆಕೆಟ್ಟಂತೆ ಹೂಬಿಟ್ಟಿತು. ಎಲೆ ಹುಡುಕಿದರೂ ಸಿಗದಷ್ಟು ಕಡುಗೆಂಪು. ಬಸ್ಸಿನಲ್ಲಿ ಹೋಗುವವರು ಕತ್ತು ಹೊರಳಿಸಿ ನೋಡಿದರು. ಅದರ ಕೆಳಗೆ ಒಂದು ಮೇಜು ಹಿಡಿಸುವಷ್ಟು ನೆರಳು ಬಿತ್ತು.

"ಮಾಂಚೊ, ಮೇಜನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯೋ?" ಎಂದು ನಿಕಾನೋರ್ ಒಂದು ಸಂಜೆ ಕೂಗಿದ.

"ಎದುರುಗಡೆಗೆ. ಒಂದೇ ಒಂದು ಆಟ ಕಣಯ್ಯ. ಆ ಹೂವಿನ ಕೆಳಗೆ ಕೂತ್ರೆ ಸೋತರೂ ಗೆದ್ದ ಹಾಗಿರತ್ತೆ."

ಆ ಒಂದು ಆಟ ಮುಗಿಯಲೇ ಇಲ್ಲ. ಮೇಜು ಅಲ್ಲೇ ಉಳಿಯಿತು. ಎರಡು ಹೆಜ್ಜೆ ದಾಟಿ ಹೋಗಿ ಕೂತಿದ್ದರೆ ನಿಕಾನೋರನ ಕುರ್ಚಿಯೂ ಅವನದೇ ಆಗಿರುತ್ತಿತ್ತು. ಆದರೆ ಅವನು, "ಸ್ವಂತ ಜಗಲಿ ಇರೋನು ಇನ್ನೊಬ್ಬರ ನೆರಳಿಗೆ ಹೋಗಲ್ಲ. ಮೇಜು ಹೋದ ದಾರೀಲೇ ವಾಪಸು ಬರತ್ತೆ, ನೋಡ್ತಿರಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಹೇಳಿದ ಮೇಲೆ ಹೋಗುವಂತಿರಲಿಲ್ಲ. ಖಾಲಿ ಕುರ್ಚಿ ಎರಡು ದಿನ ಕಾದು ನೋಡಿತು. ಮೂರನೆಯ ದಿನ ಮೂಲೆಯ ಹೊಸ ಪೊಲೀಸ್ ಠಾಣೆಗೆ ವರ್ಗವಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಸಾಲ್ಸೆದೊ ಅದರಲ್ಲಿ ಕೂತ. ಕುರ್ಚಿ ಖಾಲಿ ಮಾಡಿ ಎಂದು ಇನ್ಸ್‌ಪೆಕ್ಟರಿಗೆ ಹೇಳುವ ಪದ್ಧತಿ ಯಾವ ಊರಲ್ಲೂ ಇಲ್ಲ.

ಆಮೇಲೆ ಹೆಂಡತಿ ಎದಿಲ್ಮಾ ತನ್ನ ತೂಗುಕುರ್ಚಿ ಎಳೆದುಕೊಂಡು ಬೀದಿ ದಾಟತೊಡಗಿದಳು.

"ನೀನೆಲ್ಲಿಗೆ?"

"ತೊಗರಿಕಾಯಿ ಸುಲಿಯೋಕೆ."

"ಇಲ್ಲೇ ಸುಲಿ!"

"ಇಲ್ಲಿ ಸುಲಿದ್ರೆ ಕಾಳೂ ಹಾರತ್ತೆ, ಸಿಪ್ಪೇನೂ ಹಾರತ್ತೆ. ಏಳು ಫ್ಯಾನು ಹಾಕ್ಕೊಂಡು ಒಬ್ಬನೇ ಕೂತಿದೀಯಲ್ಲ, ಹಾರಿಹೋಗ್ದೆ ಇರೋನು ಈ ಬೀದೀಲಿ ನೀನೊಬ್ಬನೇ."

ನಿಕಾನೋರ್ ಕೂತ. ಎದುರಿನಿಂದ ಬರುವ ನಗುವನ್ನು ಕಿವಿಗೊಟ್ಟು ವಿಂಗಡಿಸಿದ. ಇದು ಮಾಂಚೊನದು, ಇದು ಉರ್ಬಾನೊನದು, ಈ ಗೊಗ್ಗರು ನಗು ಸರ್ಕಾರದ್ದು. ಎದಿಲ್ಮಾಳ ನಗು ಮಿಕ್ಕವರದ್ದಕ್ಕಿಂತ ತುಸು ಉದ್ದವಾಗಿದೆ ಎಂದು ತೀರ್ಮಾನಿಸಿದ. ಮದುವೆಯಾದ ಮೇಲೆ ತನ್ನ ಮಾತಿಗೆ ಅವಳು ಅಷ್ಟುದ್ದ ನಕ್ಕದ್ದು ಅವನಿಗೆ ನೆನಪಾಗಲಿಲ್ಲ. ತಾನು ಅವಳನ್ನು ನಗಿಸಲು ಯತ್ನಿಸಿದ್ದೂ ನೆನಪಾಗಲಿಲ್ಲ. ಎರಡನೆಯದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಏಪ್ರಿಲಿನಲ್ಲಿ ನರ್ಸರಿಗೆ ಹೋಗಿ ಒಂದು ಕಾಗದದ ಹೂವಿನ ಗಿಡ ಕೊಂಡು ತಂದ. ಎದುರಿನದಕ್ಕಿಂತ ಒಂದು ಕೈ ಹೆಚ್ಚಿನ ಬಣ್ಣ ಬರುತ್ತದೆ ಎಂದು ನರ್ಸರಿಯವನು ಆಣೆ ಮಾಡಿ ಹೇಳಿದ್ದ. ಜಗಲಿಯ ಮುಂದೆ ಗುಂಡಿ ತೋಡಿ, ಕಪ್ಪುಮಣ್ಣು ತುಂಬಿಸಿ ನೆಟ್ಟ. ಬೆಳಿಗ್ಗೆ ಒಂದು ಬಕೆಟ್ ನೀರು, ಸಂಜೆ ಒಂದು ಬಕೆಟ್. ಕೋಳಿಗೊಬ್ಬರ, ಅಕ್ಕಿ ತೊಳೆದ ನೀರು, ಮೊಟ್ಟೆಯ ಸಿಪ್ಪೆಯ ಪುಡಿ. ಮಧ್ಯಾಹ್ನದ ಬಿಸಿಲಿಗೆ ಬಾಡೀತೆಂದು ಹಳೆಯ ಛತ್ರಿ ಕಟ್ಟಿದ. ಅದೂ ಸಾಲದೆಂದು ಒಂದು ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟ. ತನ್ನ ಮಗಳಿಗೆ ಅವನು ಅಷ್ಟು ಗಾಳಿ ಹಾಕಿರಲಿಲ್ಲ.

ಗಿಡ ಬೆಳೆಯಿತು. ಕೊಬ್ಬಿದ ಹೋತದಂತೆ ಬೆಳೆಯಿತು. ಅಂಗೈಯಗಲದ ಎಲೆಗಳು, ಮಾರುದ್ದದ ಚಿಗುರು, ಬೆರಳುದ್ದದ ಮುಳ್ಳು. ಮತ್ತೆ ಡಿಸೆಂಬರ್ ಬಂತು, ಗಾಳಿ ಬೀಸಿತು, ತೂಲಿಯೊನ ಗಿಡ ಹೋದ ವರ್ಷಕ್ಕಿಂತ ಕೆಂಪಾಯಿತು. ನಿಕಾನೋರನದು ಹೋದ ವಾರಕ್ಕಿಂತ ಹಸಿರಾಯಿತು.

"ನಿಕಾನೋರ್, ಈ ಸೊಪ್ಪನ್ನ ಬೇಯಿಸಿ ತಿಂತಾರಾ, ಹಸೀದೇ ತಿಂತಾರಾ?" ಎಂದು ಮಾಂಚೊ ಬಸ್ಸು ನಿಲ್ಲಿಸಿ ಕೇಳಿದ. ಬಸ್ಸಿನ ತುಂಬ ಜನ ಇದ್ದರು.

ದೋನ್ ಉರ್ಬಾನೊ ಕನ್ನಡಕ ಏರಿಸಿ ಎಲೆ ಮುಟ್ಟಿ ನೋಡಿ, "ರಕ್ತಹೀನತೆ" ಎಂದು ಹೇಳಿ, ಮಕ್ಕಳಿಗೆ ಕೊಡುವ ಕಬ್ಬಿಣದ ಟಾನಿಕ್ಕು ಕಳಿಸಿಕೊಟ್ಟ. ನಿಕಾನೋರ್ ಅದನ್ನೂ ಹಾಕಿದ. ಎಲೆ ಇನ್ನಷ್ಟು ಹೊಳೆಯಿತು.

ಕೊನೆಗೆ ಅವನು ಮೂಲೆಯ ಉಬಾಲ್ದಿನಾಳ ಬಾಣಲೆಯ ಮುಂದೆ ಹೋಗಿ ನಿಂತ. ಆಕೆ ಅರೆಪಾ ಎಂಬ ಮೆಕ್ಕೆಜೋಳದ ರೊಟ್ಟಿಗೆ ಮೊಟ್ಟೆ ತುಂಬಿ, ಕರಿದು ಮಾರುವವಳು. ಆ ಬೀದಿಯ ಮದುವೆ, ಮುರಿದ ಮದುವೆ, ಮನೆ ಮೇಲಿನ ವ್ಯಾಜ್ಯ, ಎಲ್ಲದಕ್ಕೂ ಅಂತಿಮ ತೀರ್ಪು ಕೊಡುವವಳು.

"ನಿನ್ನ ಗಿಡ ಎಲ್ಲಿಂದ ತಂದದ್ದು?" ಎಂದು ಆಕೆ ಬಾಣಲೆಯಿಂದ ಕಣ್ಣೆತ್ತದೆ ಕೇಳಿದಳು.

"ಕೊಂಡದ್ದು, ಉಬಾಲ್ದಿನಕ್ಕ. ಒಳ್ಳೆ ದುಡ್ಡು ಕೊಟ್ಟು ಕೊಂಡದ್ದು."

ಆಕೆ ತೂತಿನ ಸೌಟು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಎಣ್ಣೆ ತೊಟ್ಟಿಕ್ಕಿತು. "ಮೀಸೆ ಬಂದ ಗಂಡಸು, ಇಷ್ಟು ಗೊತ್ತಿಲ್ವಾ? ಕೊಂಡ ಗಿಡ ಎಲೆ ಬಿಡತ್ತೆ. ಯಾರಾದ್ರೂ ಕೊಟ್ಟ ಗಿಡ ಒಣಗತ್ತೆ. ಕದ್ದ ಗಿಡ ಹೂ ಬಿಡತ್ತೆ. ನಿಮ್ಮಮ್ಮ ಇದನ್ನೂ ಹೇಳಿಕೊಡ್ಲಿಲ್ವಾ?"

ಹೇಳಿಕೊಟ್ಟಿದ್ದಳು. ಆ ಕರಾವಳಿಯಲ್ಲಿ ಅದು ಗೊತ್ತಿಲ್ಲದ ಮಗುವಿಲ್ಲ. ಅಲ್ಲಿನ ಹೆಂಗಸರು ಮದುವೆಗೆ ಹೋದರೂ ಕೈಚೀಲದಲ್ಲಿ ಸಣ್ಣ ಕತ್ತರಿ ಇಟ್ಟುಕೊಳ್ಳುತ್ತಾರೆ. ನಿಕಾನೋರ್ ಹೊಟ್ಟೆಕಿಚ್ಚಿನಲ್ಲಿ ಅದನ್ನು ಮರೆತಿದ್ದ. ಈಗ ನೆನಪಾದ ಕೂಡಲೇ ಏನು ಮಾಡಬೇಕೆಂದು ಹೊಳೆಯಿತು. ಯಾರ ಗಿಡದಿಂದ ಎಂದು ಹುಡುಕುವ ಕಷ್ಟವೂ ಇರಲಿಲ್ಲ.

ಆದರೆ ಉಬಾಲ್ದಿನಾಳ ಬಾಣಲೆಯ ಮುಂದೆ ಆಡಿದ ಮಾತು ಅರೆಪಾ ಬೇಯುವ ಮೊದಲೇ ಬೀದಿಯ ಕೊನೆ ಮುಟ್ಟುತ್ತದೆ. ಮರುದಿನ ಬೆಳಿಗ್ಗೆ ತೂಲಿಯೊ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು ಕಡ್ಡಿ.

"ಕಂಪಾದ್ರೆ, ನನ್ನ ಹತ್ರ ಕೇಳೋಕೆ ನಾಚಿಕೆನಾ? ತಗೋ. ಒಳ್ಳೇ ಬಲಿತ ಕಡ್ಡಿ ಆರಿಸಿ ತಂದಿದೀನಿ."

ನಿಕಾನೋರ್ ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ! ಬೇಡ ಬೇಡ! ನಂಗೇನೂ ಕೊಡ್ಬೇಡ!"

"ಸಂಕೋಚ ಯಾಕೆ? ಇಷ್ಟು ಸಾಲ್ದಿದ್ರೆ ಇಡೀ ಕೊಂಬೆ ತಗೋ. ಗೇಟು ಯಾವಾಗ್ಲೂ ತೆಗೆದೇ ಇರತ್ತೆ. ನಾನಿರ್ಲಿ ಇಲ್ದಿರ್ಲಿ, ಬಂದು ಕಿತ್ಕೋ. ನನ್ನದೆಲ್ಲ ನಿಂದೇ."

ಇಷ್ಟು ಕ್ರೂರವಾದ ಮಾತನ್ನು ನಿಕಾನೋರ್ ಜನ್ಮದಲ್ಲಿ ಕೇಳಿರಲಿಲ್ಲ. ಬಾಗಿಲು ಹಾಕಿಕೊಂಡು, ಹಿತ್ತಿಲ ದಾರಿಯಿಂದ ಉಬಾಲ್ದಿನಾಳ ಹತ್ತಿರ ಓಡಿದ.

"ಹಾಳು ಮಾಡ್ಬಿಟ್ಟ, ಉಬಾಲ್ದಿನಕ್ಕ! ತಗೋ ಅಂದ್ಬಿಟ್ಟ!"

ಆಕೆ ಬಹಳ ಹೊತ್ತು ಯೋಚಿಸಿದಳು. ಎರಡು ಅರೆಪಾ ಕಪ್ಪಾದವು. "ಕಷ್ಟ" ಎಂದಳು. "ತಗೋ ಅಂದ ಮೇಲೆ ನೀನು ಗೋಡೆ ಹಾರಿ ಕಿತ್ಕೊಂಡ್ರೂ ಅದು ಕೊಟ್ಟದ್ದೇ. ಗಿಡಕ್ಕೆ ಎಲ್ಲಾ ಗೊತ್ತಾಗತ್ತೆ."

"ಹಾಗಾದ್ರೆ?"

"ಕೊಡಲ್ಲ ಅನ್ನಿಸ್ಬೇಕು. ಅವನ ಬಾಯಿಂದಲೇ. ನಾಲ್ಕು ಜನರ ಮುಂದೆ."

ತೂಲಿಯೊನ ಬಾಯಲ್ಲಿ ಕೊಡಲ್ಲ ಎನ್ನಿಸುವುದು ಕತ್ತೆಯ ಬಾಯಲ್ಲಿ ಪ್ರಾರ್ಥನೆ ಹೇಳಿಸಿದ ಹಾಗೆ. ಆದರೂ ನಿಕಾನೋರ್ ಅದೇ ಸಂಜೆ, ಒಂದು ವರ್ಷದ ಮೇಲೆ ಮೊದಲ ಸಲ, ಬೀದಿ ದಾಟಿದ. ಹೂವಿನ ಕೆಳಗೆ ಆಟ ನಡೆದಿತ್ತು. ಎದಿಲ್ಮಾ ತೂಗುಕುರ್ಚಿಯಲ್ಲಿದ್ದಳು.

"ಬಂದ್ರಪ್ಪ ಬಂದ್ರು!" ಎಂದ ಮಾಂಚೊ. "ಜಾಗ ಮಾಡ್ರೋ!"

"ಕೂರೋಕೆ ಬಂದಿಲ್ಲ" ಎಂದ ನಿಕಾನೋರ್. ಗಂಟಲು ಸರಿಮಾಡಿಕೊಂಡು ತೂಲಿಯೊನ ಕಡೆ ತಿರುಗಿದ. "ನಿನ್ನ ಮೀನಿನ ಸಾರು ಕುಡಿದ ಮೇಲೆ ನದಿ ನೀರೇ ವಾಸಿ ಅನ್ಸತ್ತೆ."

"ನಿಜ ಕಂಪಾದ್ರೆ" ಎಂದ ತೂಲಿಯೊ. "ಹಡಗಿನ ಕ್ಯಾಪ್ಟನ್ನೂ ಇದನ್ನೇ ಹೇಳಿ ಮನೆಗೆ ಕಳಿಸಿದ."

"ನೀನು ಡೊಮಿನೊದಲ್ಲಿ ಮೋಸ ಮಾಡ್ತೀಯ."

"ಮಾಡ್ತೀನಿ. ಮಾಂಚೊನೂ ಮಾಡ್ತಾನೆ. ಸಾಹೇಬ್ರು ಮಾತ್ರ ಇನ್ನೂ ಕಲೀತಿದಾರೆ."

ಇನ್ಸ್‌ಪೆಕ್ಟರ್ ಸಾಲ್ಸೆದೊ ಹೌದೆಂದು ತಲೆಯಾಡಿಸಿದ.

"ನಿನ್ನ ತಲೆ ಬೋಳು, ನಿನ್ನ ಹಾಡು ಹಂದಿ ಕೂಗಿದ ಹಾಗೆ, ನಿನ್ನ ಕಾಲಿನ ವಾಸನೆಗೆ ನಮ್ಮನೆ ಬೆಕ್ಕು ಬೀದಿ ಬಿಟ್ಟು ಹೋಯ್ತು!"

"ಪಾಪ, ಒಳ್ಳೇ ಬೆಕ್ಕು" ಎಂದ ತೂಲಿಯೊ. "ಕೂತ್ಕೋ, ಕಾಫಿ ಕುಡಿ. ಕಡ್ಡಿ ಕಟ್ಟಿಟ್ಟಿದೀನಿ, ಹೋಗ್ತಾ ತಗೊಂಡು ಹೋಗು."

ನಿಕಾನೋರನಿಗೆ ಅಳು ಬರುವುದೊಂದು ಬಾಕಿ. ಆ ಹತಾಶೆಯಲ್ಲೇ ಅವನಿಗೆ ಸರಿಯಾದ ಮಾತು ಸಿಕ್ಕಿತು.

"ಈ ಗಿಡ ನೀನು ಕದ್ದದ್ದಲ್ಲ. ಕೊಂಡದ್ದು. ರಸೀದಿ ಹಾಕಿಸ್ಕೊಂಡು ಕೊಂಡದ್ದು."

ಮಾಂಚೊ ಎತ್ತಿದ ಬಿಲ್ಲೆ ಗಾಳಿಯಲ್ಲೇ ನಿಂತಿತು. ದೋನ್ ಉರ್ಬಾನೊ ಕನ್ನಡಕ ತೆಗೆದ. ತೂಗುಕುರ್ಚಿ ತೂಗುವುದನ್ನು ನಿಲ್ಲಿಸಿತು.

"ಏನಂದೆ?" ಎಂದ ತೂಲಿಯೊ. ಕಂಪಾದ್ರೆ ಎನ್ನಲಿಲ್ಲ.

"ನರ್ಸರೀಲಿ ನೀನು ಸಾಲಲ್ಲಿ ನಿಂತು ಕೊಂಡೆ. ಕುಂಡದ ಸಮೇತ."

"ಕರ್ನಲ್ಲನ ಗೋಡೆ?"

"ಗೋಡೆ ಇರ್ಲಿಲ್ಲ."

"ನಾಯಿ?"

"ನಾಯೀನೂ ಇರ್ಲಿಲ್ಲ."

ತೂಲಿಯೊ ಎದ್ದು ನಿಂತ. "ನಾಯಿ ಇರ್ಲಿಲ್ವಾ? ಅದರ ಹಲ್ಲಿನ ಗುರುತು ಇವತ್ತಿಗೂ ನನ್ನ ಹಿಂಬದೀಲಿದೆ! ತೋರಿಸ್ಲಾ? ಈಗ್ಲೇ ತೋರಿಸ್ಲಾ?" ಎಂದು ಬೆಲ್ಟಿಗೆ ಕೈಹಾಕಿದ.

"ಹೆಂಗಸರಿದಾರೆ" ಎಂದ ಉರ್ಬಾನೊ.

"ನಾನು ಕಣ್ಣು ಮುಚ್ಕೋತೀನಿ, ತೋರ್ಸಿ" ಎಂದಳು ಎದಿಲ್ಮಾ.

"ಸಾಹೇಬ್ರೇ, ನೀವೇ ಸಾಕ್ಷಿ!" ತೂಲಿಯೊ ಬೆಲ್ಟು ಬಿಟ್ಟು ಬೆರಳೆತ್ತಿದ. "ಇವತ್ತಿಂದ ನನ್ನ ಗಿಡದ ಒಂದು ಎಲೆ, ಒಂದು ಮುಳ್ಳು ಈ ಮನುಷ್ಯ ಮುಟ್ಟಿದ್ರೆ ಅದು ಕಳ್ಳತನ. ಕೊಡಲ್ಲ! ಇವನು ಕಾಲಿಗೆ ಬಿದ್ರೂ ಕೊಡಲ್ಲ! ಇವನ ಹೆಣದ ಮೇಲೆ ಇಡೋಕೂ ಒಂದು ಹೂ ಕೊಡಲ್ಲ!"

ನಿಕಾನೋರ್ ಶಿಳ್ಳೆ ಹಾಕುತ್ತ ಮನೆಗೆ ಬಂದ. ಮಗಳ ಧರ್ಮಪಿತನನ್ನು ಕಳೆದುಕೊಂಡವನು ಹೀಗೇಕೆ ಕುಣಿಯುತ್ತಾನೆಂದು ಬೀದಿಗೆ ಅರ್ಥವಾಗಲಿಲ್ಲ. ಉಬಾಲ್ದಿನಾ ಮಾತ್ರ ಸೌಟಿನಿಂದಲೇ ಆಶೀರ್ವಾದ ಮಾಡಿದಳು.

ಕಾರ್ನಿವಲ್ ಹಬ್ಬದ ಸೋಮವಾರ ಮಧ್ಯಾಹ್ನ ಕೆಲಸಕ್ಕೆ ಹೊರಟ. ಊಟ ಮುಗಿಸಿ ಊರೆಲ್ಲ ಮಲಗುವ ಹೊತ್ತು. ಅದೂ ಅಲ್ಲದೆ ಆ ವಾರ ಊರಿನ ಅರ್ಧ ಜನ ಮುಖವಾಡದಲ್ಲೇ ಓಡಾಡುತ್ತಾರೆ, ಯಾರು ಯಾರೆಂದು ಯಾರೂ ಕೇಳುವುದಿಲ್ಲ. ನಿಕಾನೋರ್ ತನ್ನ ಮಾರಿಮೊಂಡಾ ವೇಷ ಹಾಕಿದ: ಒಳಮೈ ಹೊರಗೆ ಮಾಡಿದ ಪ್ಯಾಂಟು, ಕೋಟು, ಆನೆಯ ಕಿವಿಯ, ಮೊಳದುದ್ದ ಮೂಗಿನ ಬಟ್ಟೆಯ ಮುಖವಾಡ. ಇಪ್ಪತ್ತು ವರ್ಷದಿಂದ ಅವನು ಇದೇ ವೇಷ ಹಾಕುತ್ತಿದ್ದದ್ದರಿಂದ ಬೀದಿಯ ನಾಯಿಗಳೂ ಆ ಮೂಗನ್ನು ನೋಡಿ ಬಾಲ ಅಲ್ಲಾಡಿಸಿದವು. ಇದು ಅವನ ಲೆಕ್ಕಕ್ಕೆ ಬರಲಿಲ್ಲ.

ಗೇಟು ತೆರೆದೇ ಇತ್ತು. ತೆರೆದ ಗೇಟಿನಲ್ಲಿ ಹೋದರೆ ಕಳ್ಳತನ ಪೂರ್ತಿಯಾಗುವುದೋ ಇಲ್ಲವೋ ಎಂಬ ಸಂಶಯ ಬಂದು ಪಕ್ಕದ ಗೋಡೆ ಹತ್ತಿದ. ಕೆಳಗೆ ಖಾಲಿ ಮೇಜು, ಅದರ ಮೇಲೆ ಹರಡಿದ ಬಿಲ್ಲೆಗಳು. ಪಕ್ಕದಲ್ಲಿ ತೂಗುಕುರ್ಚಿಯಲ್ಲಿ ಎದಿಲ್ಮಾ, ಮುಖಕ್ಕೆ ಬೀಸಣಿಗೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದಳು. ತನ್ನ ಮನೆಯಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ ಎಂದು ವರ್ಷದಿಂದ ದೂರು ಇತ್ತು.

ಬಲಿತ ಕೊಂಬೆ ಆರಿಸಿ ಇಕ್ಕಳದಿಂದ ಕತ್ತರಿಸಿದ. ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕೆಲಸ ಮುಗಿದಿತ್ತು. ಅಲ್ಲೇ ಇಳಿದಿದ್ದರೆ ಈ ಕಥೆ ಬರೆಯುವ ಅಗತ್ಯವಿರುತ್ತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಒಂದು ಕಡ್ಡಿ ಸಾಲುವುದಿಲ್ಲ. ಮೇಲೆ, ಸೂರಿನ ಹತ್ತಿರ, ಇನ್ನೂ ಕೆಂಪಗಿನದೊಂದು ಕಂಡಿತು. ಕೈ ಚಾಚಿದ. ಕೊಕ್ಕೆಯಂಥ ಮುಳ್ಳೊಂದು ಮುಖವಾಡದ ಮೂಗು ಹಿಡಿದುಕೊಂಡಿತು. ತಲೆ ಎಳೆದ, ಮುಖವಾಡ ತಿರುಗಿ ಕಣ್ಣಿನ ತೂತುಗಳು ಕಿವಿಯ ಕಡೆಗೆ ಹೋದವು. ಇನ್ನೊಂದು ಮುಳ್ಳು ಪ್ಯಾಂಟನ್ನು ಹಿಡಿಯಿತು. ಕಣ್ಣು ಕಾಣದ ನಿಕಾನೋರ್ ತನ್ನನ್ನು ಹಿಡಿದದ್ದನ್ನು ಕತ್ತರಿಸೋಣವೆಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಇಕ್ಕಳ ಹಾಕಿದ. ಕೈಗೆ ಸಿಕ್ಕಿದ್ದು ತಂತಿ. ಅವನೇ ಬಿಗಿದ ತಂತಿ. ಒಳ್ಳೆಯ ತಂತಿಯಾದ್ದರಿಂದ ಎರಡು ಸಲ ಒತ್ತಬೇಕಾಯಿತು.

ಗಿಡ ಒಮ್ಮೆ ನಿಟ್ಟುಸಿರುಬಿಟ್ಟಂತೆ ಸದ್ದು ಮಾಡಿ, ನಿಕಾನೋರನ ಸಮೇತ, ಬುಡದ ನಾಲ್ಕಿಟ್ಟಿಗೆಯ ಸಮೇತ, ಮೇಜಿನ ಮೇಲೆ ಬಂದು ಕೂತಿತು.

ಮೊದಲು ಕೇಳಿಸಿದ್ದು ಎದಿಲ್ಮಾಳ ಕಿರುಚು. ತೂಗುಕುರ್ಚಿ ಮುರಿದು ಮೂರು ತುಂಡಾಗಿತ್ತು. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬಾಯಿಗಂತೂ ಏನೂ ಆಗಿರಲಿಲ್ಲ. "ಕಳ್ಳ! ಕಳ್ಳ!" ಎಂದು ಕೂಗಿದವಳು, ಹೂವಿನ ರಾಶಿಯೊಳಗಿಂದ ಎದ್ದ ಉದ್ದ ಮೂಗನ್ನು ನೋಡಿ, "ಅಯ್ಯೋ, ನಮ್ಮನೇದು!" ಎಂದಳು.

ಬೀದಿಯೆಲ್ಲ ಸೇರಿತು. ಇನ್ಸ್‌ಪೆಕ್ಟರ್ ಸಾಲ್ಸೆದೊನೂ ಬಂದ. ಕಾರ್ನಿವಲ್ಲಿನಲ್ಲಿ ಯಾರೋ ಎರಚಿದ ಜೋಳದ ಹಿಟ್ಟಿನಿಂದ ಅವನ ಮುಖ, ಮೀಸೆ, ಟೋಪಿ ಎಲ್ಲ ಬೆಳ್ಳಗಿತ್ತು. ಆ ಮುಖದಲ್ಲೇ ವಿಚಾರಣೆ ಶುರುಮಾಡಿದ.

"ಹೆಸರು?"

"ನಾನೇ ಸಾರ್, ನಿಮಗೆ ಗೊತ್ತಲ್ಲ."

"ನನಗೆ ಗೊತ್ತು. ಕಾನೂನಿಗೆ ಗೊತ್ತಿಲ್ಲ. ಮೂಗು ತೆಗೆದು ಹೇಳು."

ಮೂಗು ತೆಗೆಯಲು ಬರಲಿಲ್ಲ. ಎಳೆದಾಗ ಅದು ಗಿಡದ ಮುಳ್ಳಿನಲ್ಲೇ ಹರಿದು ಉಳಿಯಿತು. ಮುಖದ ತುಂಬ ಗೀರು, ರಕ್ತ. ಪ್ಯಾಂಟಿನ ಹಿಂಭಾಗ ಇರಲಿಲ್ಲ. ಸೊಂಟದಲ್ಲಿ ಕಡ್ಡಿ ಮಾತ್ರ ನೆಟ್ಟಗೆ ನಿಂತಿತ್ತು.

ತೂಲಿಯೊ ನೆಲಕ್ಕೊರಗಿದ ಗಿಡವನ್ನು ನೋಡಿದ, ತನ್ನ ಹಳೆಯ ಗೆಳೆಯನ ಪ್ಯಾಂಟನ್ನು ನೋಡಿದ. ಅವನ ಸಿಟ್ಟು ಅವನ ಸಾರಿನ ಹಾಗೆ, ಹೆಚ್ಚು ಹೊತ್ತು ಬಿಸಿ ಇರುವುದಿಲ್ಲ.

"ಬಿಟ್ಬಿಡಿ ಸಾಹೇಬ್ರೇ" ಎಂದ. "ಆ ಕಡ್ಡಿ ನಾನೇ ಕೊಟ್ಟೆ ಅಂತ ಬರ್ಕೊಳ್ಳಿ."

"ಇಲ್ಲ!" ನಿಕಾನೋರ್ ಕಿರುಚಿದ ರಭಸಕ್ಕೆ ಮುಂದಿದ್ದವರು ಹಿಂದೆ ಸರಿದರು. "ಕೊಟ್ಟಿಲ್ಲ! ಸುಳ್ಳು! ನಾನೇ ಕದ್ದೆ! ಕಳ್ಳತನ ಅಂತ ಬರ್ಕೊಳ್ಳಿ ಸಾರ್!"

"ಕಂಪಾದ್ರೆ, ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ನಂಗೊತ್ತು! ಗೋಡೆ ಹಾರಿದೀನಿ ಸಾರ್, ನೋಡಿ ಮಂಡಿ. ಗೇಟು ತೆಗೆದಿತ್ತು, ಆದ್ರೂ ಗೋಡೆ ಹಾರಿದೀನಿ!"

"ಒಂದು ಕಡ್ಡಿಗೆ ಜೈಲಿಗೆ ಹೋಗ್ತೀಯಾ?" ಎಂದಳು ಎದಿಲ್ಮಾ.

"ಹೋಗ್ತೀನಿ!"

"ಹೋಗು ಹಾಗಾದ್ರೆ. ಫ್ಯಾನು ತಗೊಂಡು ಹೋಗು."

"ಸರಿಯಾಗೇ ಹೇಳ್ತಿದಾನೆ" ಎಂದು ಉಬಾಲ್ದಿನಾ ಹಿಂದಿನಿಂದ ಸೌಟೆತ್ತಿದಳು. "ಕೊಟ್ಟದ್ದು ಅಂತ ಬರೆದ್ರೆ ಆ ಕಡ್ಡಿ ಸತ್ತಹಾಗೆ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಾಲ್ಸೆದೊ ಕಳ್ಳರು ತಪ್ಪಿಸಿಕೊಳ್ಳು­ವುದನ್ನು ನೋಡಿದ್ದ, ಕಳ್ಳನಾಗಲು ಹೊಡೆದಾಡುವವನನ್ನು ನೋಡಿರಲಿಲ್ಲ. ಅವನು ಬಿಳಿ ಮೀಸೆ ತಿರುವಿ ತೀರ್ಪು ಕೊಟ್ಟ. ಕಳ್ಳತನ ಖಚಿತ. ಜೈಲಿನ ಕೋಣೆಯಲ್ಲಿ ಕಾರ್ನಿವಲ್ ಕುಡುಕರು ತುಂಬಿರುವುದರಿಂದ ಜಾಗವಿಲ್ಲ. ಅದರ ಬದಲು ಆರೋಪಿ ಪ್ರತಿ ಶನಿವಾರ ಠಾಣೆಯ ಫ್ಯಾನುಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡತಕ್ಕದ್ದು.

"ದೇವರು ನಿಮಗೆ ಒಳ್ಳೇದು ಮಾಡ್ಲಿ ಸಾರ್" ಎಂದು ನಿಕಾನೋರ್ ಕಡ್ಡಿ ಹಿಡಿದುಕೊಂಡು ಮನೆಯ ಕಡೆ ಹೊರಟ.

"ನಿಲ್ಲು. ಅದನ್ನ ಇಲ್ಲಿ ಕೊಡು."

"ಯಾವುದನ್ನ?"

"ಕಡ್ಡಿ. ಅದು ಕಳ್ಳಮಾಲು. ಸಾಕ್ಷಿ. ಕಳ್ಳಮಾಲನ್ನ ಕಳ್ಳನಿಗೇ ಕೊಟ್ಟು ಕಳಿಸೋ ಕಾನೂನು ಇನ್ನೂ ಬಂದಿಲ್ಲ."

ಜೈಲು ಎಂದಾಗ ನಗುತ್ತಿದ್ದ ನಿಕಾನೋರ್ ಈಗ ಬೀದಿಯ ನಡುವೆ ಕುಕ್ಕರಿಸಿಬಿಟ್ಟ. ಅದೇ ಹೊತ್ತಿಗೆ ಎದುರಿನಲ್ಲಿ, ಯಾರೂ ನೋಡದಿದ್ದಾಗ, ಹಣ್ಣಿನ ಗಾಡಿಯ ಹೇಸರಗತ್ತೆ ಅವನ ಕೊಂಡ ಗಿಡವನ್ನು ಟಾನಿಕ್ಕಿನ ಸಮೇತ ಬುಡದವರೆಗೆ ತಿಂದು ಮುಗಿಸಿತ್ತು. ಆ ಗಿಡವನ್ನು ಮೆಚ್ಚಿದ ಜೀವ ಅದೊಂದೇ.

ತೂಲಿಯೊನ ಗಿಡವನ್ನು ಮಾಂಚೊ ಮತ್ತಿತರರು ಎತ್ತಿ ನಿಲ್ಲಿಸಿದರು. ಅದು ನಿಲ್ಲಲಿಲ್ಲ. ಕಾಗದದ ಹೂವು ಬಿಸಿಲು ತಡೆಯುತ್ತದೆ, ಬರ ತಡೆಯುತ್ತದೆ. ಬೇರು ಅಲುಗಿಸಿದರೆ ಮಾತ್ರ ಕ್ಷಮಿಸುವುದಿಲ್ಲ. ತಿಂಗಳೊಳಗೆ ಒಣಗಿ ಸೌದೆಯಾಯಿತು. ಉಬಾಲ್ದಿನಾ ಬಾಣಲೆಯ ಒಲೆಗೆ ಒಯ್ದಳು.

ಸಾಕ್ಷಿಯನ್ನು ಸಾಲ್ಸೆದೊ ಒಂದು ಹಳೆಯ ಬಣ್ಣದ ಡಬ್ಬದಲ್ಲಿ, ಕಟ್ಟಡದವರು ಬಿಟ್ಟುಹೋದ ಗಾರೆಚೂರು ತುಂಬಿ ಚುಚ್ಚಿ, ಠಾಣೆಯ ಮುಂದಿನ ಸುಡುಬಿಸಿಲಲ್ಲಿ ಇಟ್ಟ. ಕೊರಳಿಗೆ ಚೀಟಿ ಕಟ್ಟಿದ. ಠಾಣೆಯ ನಲ್ಲಿಯಲ್ಲಿ ಉದ್ಘಾಟನೆಯ ದಿನ ಬಿಟ್ಟರೆ ನೀರು ಬಂದಿರಲಿಲ್ಲ.

ಶನಿವಾರ ಶನಿವಾರ ನಿಕಾನೋರ್ ಫ್ಯಾನು ಬಿಚ್ಚುತ್ತ ಕಿಟಕಿಯಿಂದ ಅದನ್ನೇ ನೋಡುತ್ತಿದ್ದ.

"ಸಾರ್, ಒಣಗತ್ತೆ ಸಾರ್. ಒಂದು ಲೋಟ ನೀರು ಹಾಕ್ತೀನಿ."

"ಸಾಕ್ಷೀನ ತಿದ್ದೋಕೆ ನೋಡ್ತೀಯಾ? ಕೈ ಕಟ್ಕೊಂಡು ಕೆಲಸ ಮಾಡು."

"ಒಂಚೂರು ಕೋಳಿಗೊಬ್ಬರ ಸಾರ್..."

"ಇನ್ನೊಂದು ಕೇಸು ಹಾಕ್ಲಾ?"

ಹೀಗೆ ಕಾನೂನಿನ ರಕ್ಷಣೆಯಲ್ಲಿ ಆ ಕಡ್ಡಿಗೆ ಯಾರ ಕೈಯಿಂದಲೂ ಒಂದು ತೊಟ್ಟು ನೀರು ಬೀಳಲಿಲ್ಲ. ಅದು ಮಳೆಗಾಲದಲ್ಲಿ ಚಿಗುರಿತು. ಬೇರು ಡಬ್ಬ ಒಡೆದು ನೆಲಕ್ಕಿಳಿಯಿತು. ಎರಡನೆಯ ಡಿಸೆಂಬರಿನಲ್ಲಿ, ಗಾಳಿ ಬೀಸತೊಡಗಿದ ಮೇಲೆ, ಪೊಲೀಸ್ ಠಾಣೆ ಕಾಣಿಸದಾಯಿತು. ಬಾಗಿಲಿನಿಂದ ಬಾವುಟದ ಕಂಬದವರೆಗೆ ಬರೀ ಕಡುಗೆಂಪು. ದೂರು ಕೊಡಲು ಬಂದವರು ದೂರು ಮರೆತು ನಿಲ್ಲುತ್ತಿದ್ದರು.

"ಕಳ್ಳನ ಕೈಯಿಂದ ಕಿತ್ಕೊಂಡ ಕಡ್ಡಿ" ಎಂದು ಉಬಾಲ್ದಿನಾ ತೀರ್ಪಿತ್ತಳು. "ಕದ್ದದ್ದಕ್ಕಿಂತ ಒಂದು ಕೈ ಮೇಲು."

ಮಾಂಚೊ ಮೇಜನ್ನು ತಲೆಯ ಮೇಲೆ ಹೊತ್ತು ಮೂಲೆಗೆ ಸಾಗಿಸಿದ. ಉರ್ಬಾನೊ ಹೋದ. ಸಾಲ್ಸೆದೊ ಅಲ್ಲೇ ಇದ್ದ. ತೂಲಿಯೊ ಹೊರಡುವಷ್ಟರಲ್ಲಿ ನಾಲ್ಕನೆಯ ಕುರ್ಚಿಯಲ್ಲಿ ಎದಿಲ್ಮಾ ಕೂತಿದ್ದಳು. ಅಷ್ಟು ವರ್ಷ ಪಕ್ಕದಲ್ಲಿ ತೊಗರಿಕಾಯಿ ಸುಲಿಯುತ್ತ ಎಲ್ಲರ ಮೋಸವನ್ನೂ ಕಲಿತಿದ್ದವಳು ಮೊದಲ ವಾರವೇ ಮೂವರನ್ನೂ ಸೋಲಿಸಿದಳು. ನಗು ಈಗ ಬೀದಿಯ ಮೂಲೆಯಿಂದ ಬರತೊಡಗಿತು.

ಬೋಳು ಜಗಲಿಯಲ್ಲಿ ತೂಲಿಯೊ ಒಬ್ಬನೇ. ಎದುರಿನ ಬೋಳು ಜಗಲಿಯಲ್ಲಿ ನಿಕಾನೋರ್ ಒಬ್ಬನೇ, ಏಳು ಫ್ಯಾನುಗಳ ಕೆಳಗೆ. ಇಬ್ಬರ ನಡುವೆ ಆ ಕಾರ್ನಿವಲ್ ಸೋಮವಾರದಿಂದ ಮಾತಿರಲಿಲ್ಲ. ಇಬ್ಬರ ಕತ್ತೂ ಒಂದೇ ಕಡೆ ತಿರುಗಿರುತ್ತಿತ್ತು. ಒಂದು ಸಂಜೆ ಮೂಲೆಯಿಂದ ಬಂದ ನಗು ತೀರಾ ಉದ್ದವಾಯಿತು. ತೂಲಿಯೊ ಎದ್ದು ಬೀದಿ ದಾಟಿ ಬಂದು, ನಿಕಾನೋರನ ಪಕ್ಕದಲ್ಲಿ ಕೂತ.

"ನೋಡಿದ್ಯಾ ಕಂಪಾದ್ರೆ, ಎಷ್ಟು ಕೆಂಪು?"

"ನೋಡ್ತಾನೇ ಇದೀನಿ. ಅದು ನನ್ನ ಕಡ್ಡಿ."

"ನನ್ನ ಗಿಡದ್ದು."

"ನಾನು ಕದ್ದದ್ದು."

ತೂಲಿಯೊ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಒಂದು ಕಡ್ಡಿ ಸಿಕ್ಕಿದ್ರೆ..." ಎಂದ ತೂಲಿಯೊ. "ಕೇಳಿದ್ರೆ ಸಾಲ್ಸೆದೊ ಕೊಡ್ತಾನೆ. ಒಳ್ಳೇ ಮನುಷ್ಯ."

"ಅದೇ ನೋಡು ತೊಂದ್ರೆ" ಎಂದ ನಿಕಾನೋರ್. "ಮೊನ್ನೆ ಶನಿವಾರ ಅವನ ಮೀಸೇನ ಪೊರಕೆ ಅಂದೆ. ನಕ್ಕುಬಿಟ್ಟ. ಎರಡು ಕಡ್ಡಿ ತಗೊಂಡು ಹೋಗು ಅಂದ."

ಒಟ್ಟು ನಷ್ಟ ಇಷ್ಟು: ಪ್ಯಾಂಟು ಒಂದು, ಮುಖವಾಡದ ಮೂಗು ಒಂದು, ಇಕ್ಕಳ ಒಂದು, ತೂಗುಕುರ್ಚಿ ಒಂದು, ಮೇಜಿನ ಮೇಲೆ ಗಿಡ ಬಿದ್ದ ದಿನ ಕಳೆದುಹೋದ ಜೋಡಿ ಆರರ ಬಿಲ್ಲೆ ಒಂದು, ಹೂವಿನ ಗಿಡ ಎರಡು, ಮತ್ತು ಡೊಮಿನೊ ಮೇಜಿನ ನಾಲ್ಕು ಕುರ್ಚಿಗಳಲ್ಲಿ ಎರಡು.